ಪದಚರ್ಚೆ: ಮಂಚದಿಂದ ಎದ್ದು ಕುರ್ಚಿಗೆ ಬರುವುದಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಎಂ.ಎಸ್.ಡಬ್ಲ್ಯೂ. ಮುಗಿಸಿ ಈಗ ಜೆರೆಂಟಾಲಜಿಯಲ್ಲಿ, ಅಂದರೆ ಮುಪ್ಪಿನ ಅಧ್ಯಯನದಲ್ಲಿ, ಡಿಪ್ಲೊಮಾ ಮಾಡುತ್ತಿದ್ದೇನೆ. ಮುಂದೆಯೂ ವಯಸ್ಸಾದವರ ಜೊತೆಗೇ ಕೆಲಸ ಮಾಡುವ ಆಸೆ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಫೀಲ್ಡ್ ವರ್ಕ್ ಪೂರ್ತಿ ಕನ್ನಡದಲ್ಲಿ. ತೊಂದರೆ ಶುರುವಾಗುವುದು ಅಲ್ಲೇ.

ಮನೆಮನೆಗೆ ಹೋಗುವಾಗ ಕೈಯಲ್ಲಿ ಕಾಟ್ಜ್ ಸೂಚ್ಯಂಕದ ಹಾಳೆ ಇರುತ್ತದೆ. ಹಿರಿಯರು ದಿನನಿತ್ಯದ ಕೆಲಸ ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಅಂತ ಅಳೆಯುವ ಪಟ್ಟಿ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಜೊತೆಗಾರರು 1963ರಲ್ಲಿ ಪ್ರಕಟಿಸಿದ್ದು ಇದು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಟ್ರಾನ್ಸ್‌ಫರಿಂಗ್, ಕಾಂಟಿನೆನ್ಸ್, ಊಟ ಅಂತ 6 ವಿಷಯ. ತಾವೇ ಮಾಡಿಕೊಂಡರೆ 1, ಇನ್ನೊಬ್ಬರು ಬೇಕಾದರೆ 0. ಆರಕ್ಕೆ ಆರು ಬಂದರೆ ಇವಕ್ಕೆಲ್ಲ ಯಾರ ಸಹಾಯವೂ ಬೇಡ ಅಂತ ಲೆಕ್ಕ.

ಟ್ರಾನ್ಸ್‌ಫರಿಂಗ್ ಅಂದರೆ ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ವಾಪಸ್ ಹೋಗಿ ಮಲಗುವುದು. ನಮಗೆ ಕೊಟ್ಟ ಕನ್ನಡ ಹಾಳೆಯಲ್ಲಿ ಅದು "ವರ್ಗಾವಣೆ" ಆಗಿದೆ. ನಿವೃತ್ತ ಮೇಷ್ಟ್ರೊಬ್ಬರನ್ನು "ವರ್ಗಾವಣೆಗೆ ಸಹಾಯ ಬೇಕಾ ಸರ್?" ಅಂತ ಕೇಳಿದೆ. "ರಿಟೈರ್ ಆಗಿ ಎಷ್ಟು ಕಾಲ ಆಯ್ತಮ್ಮ, ಇನ್ನೆಲ್ಲಿಗೆ ವರ್ಗ ಮಾಡ್ತೀರಿ?" ಅಂದರು. ಆಮೇಲಿಂದ "ಎದ್ದು ಕೂರೋದು" ಅನ್ನುತ್ತೇನೆ. ಆದರೆ ಅದು ಪೂರ್ತಿ ಹೊಂದಲ್ಲ. ಹಾಸಿಗೆಯಲ್ಲೇ ಎದ್ದು ಕೂತು, ಅಲ್ಲಿಂದ ಇಳಿಯಲಾಗದವರೂ "ಹ್ಞೂಂ, ಕೂರ್ತೀನಿ" ಅಂತಾರೆ. ನಾನು 1 ಬರೆದರೆ ಲೆಕ್ಕ ತಪ್ಪುತ್ತದೆ.

ಕಾಂಟಿನೆನ್ಸ್ ಇನ್ನೂ ಕಷ್ಟ. ಇದೇ ಪದಕ್ಕೆ ಸಂಯಮ, ಇಂದ್ರಿಯನಿಗ್ರಹ ಅನ್ನುವ ಅರ್ಥವೂ ಇದೆ. ಎಂಬತ್ತರ ಅಜ್ಜನನ್ನು ಸಂಯಮ ಇದೆಯಾ ಅಂತ ಕೇಳೋಕಾಗುತ್ತಾ? ಇಲ್ಲಿ ಬೇಕಾಗಿರುವುದು ಮಲಮೂತ್ರ ಹಿಡಿತದಲ್ಲಿದೆಯೇ ಅನ್ನುವುದು. ಶೌಚದ ಪ್ರಶ್ನೆ ಬೇರೆ. ಅದು ಪಾಯಿಖಾನೆಗೆ ಹೋಗಿ, ತೊಳೆದುಕೊಂಡು, ಬಟ್ಟೆ ಸರಿಮಾಡಿಕೊಳ್ಳುವ ಬಗ್ಗೆ. "ಒಂದಕ್ಕೆ ಬಂದ್ರೆ ತಡ್ಕೊಳ್ಳೋಕೆ ಆಗುತ್ತಾ?" ಅಂತ ಕೇಳಿದರೆ ಸುಮಾರಾಗಿ ಉತ್ತರ ಸಿಗುತ್ತದೆ. ಸೊಸೆ ಪಕ್ಕದಲ್ಲಿದ್ದರೆ ಅದೂ ಇಲ್ಲ. ಒಬ್ಬ ಅಜ್ಜಿ ಅವಳು ಕಾಫಿಗೆ ಒಳಗೆ ಹೋಗುವವರೆಗೆ ಕಾದು, ಸೆರಗು ಸರಿಮಾಡಿಕೊಳ್ಳುತ್ತಾ, "ಸೀರೆ ಒದ್ದೆ ಆಗ್ಬಿಡುತ್ತೆ ಕಣಮ್ಮ" ಅಂದರು.

ಕೊನೆಯಲ್ಲಿ ಷರಾ ಬರೆಯುವ ಜಾಗ. ಅಲ್ಲಿ "ಪರಾವಲಂಬಿ" ಅಂತ ಅಚ್ಚಾಗಿದೆ. ಬಂದಳಿಕೆಯನ್ನು ಪರಾವಲಂಬಿ ಅಂತ ಶಾಲೆಯಲ್ಲಿ ಓದಿದ ನನಗೆ ಅದಕ್ಕೆ ಟಿಕ್ ಹಾಕಲು ಕೈ ಬರುವುದಿಲ್ಲ. ಹಾಳೆಯನ್ನು ಮಕ್ಕಳೂ ಓದುತ್ತಾರೆ, ಅಲ್ವಾ? ಹಿರಿಯರ ಬಾಯಲ್ಲಿ "ಇನ್ನೊಬ್ಬರ ಕೈ ನೋಡಬೇಕು", "ಕೈಲಾಗಲ್ಲ" ಅಂತ ಬರುತ್ತದೆ. ನನಗೆ "ಆಸರೆ ಬೇಕು" ಹಿಡಿಸಿದೆ. ಸ್ವಲ್ಪ ಆಸರೆ, ಪೂರ್ತಿ ಆಸರೆ ಅಂತ ಅಳತೆಯನ್ನೂ ಹೇಳಬಹುದು. ಕಚೇರಿ ಕಾಗದಕ್ಕೆ ಇದು ತೀರಾ ಮನೆಮಾತು ಅನ್ನಿಸಿದರೆ ಹೇಳಿ. ನನಗಂತೂ ಅನ್ನಿಸಿಲ್ಲ.

ಜೆರೆಂಟಾಲಜಿಗೆ ಏನನ್ನಬೇಕು ಅನ್ನುವ ಜಗಳ ಇಲ್ಲಿ ಬೇಡ. 1903ರಲ್ಲಿ ರಷ್ಯಾ ಮೂಲದ ವಿಜ್ಞಾನಿ ಮೆಚ್ನಿಕಾಫ್ ಈ ಹೆಸರು ಕೊಟ್ಟರು. ಗ್ರೀಕಿನ "ಗೆರೋನ್" (ಮುದುಕ), ಸಂಸ್ಕೃತದ "ಜರಾ" (ಮುಪ್ಪು) ಎರಡೂ ಒಂದೇ ಬೇರಿನವು, ಹಾಗಾಗಿ "ಜರಾಶಾಸ್ತ್ರ" ತಪ್ಪೇನಲ್ಲ. ಆದರೆ ಸ್ವಲ್ಪ ಕೂತ್ಕೊಳ್ಳಿ ಅನ್ನೋಕೆ "ಜರಾ ಕೂಡ್ರಿ" ಅನ್ನುವ ಬೆಳಗಾವಿ ಕಡೆಯವರಿಗೆ ಅದು ಹೇಗೆ ಕೇಳಿಸೀತು! ನಾನು "ಹಿರಿಯರ ಆರೈಕೆ ಓದ್ತಿದ್ದೀನಿ" ಅಂದುಬಿಡುತ್ತೇನೆ.

ನನ್ನದು ಮೈಸೂರು ಕಡೆಯ ಮಾತು. ಮುಂದಿನ ಫೀಲ್ಡ್ ವರ್ಕ್ ಧಾರವಾಡದಲ್ಲಿ. ಅಲ್ಲಿ ಸ್ನಾನಕ್ಕೆ ಜಳಕ ಅನ್ನಬೇಕು ಅನ್ನುವಷ್ಟು ಗೊತ್ತು. ಮಂಚದಿಂದ ಕುರ್ಚಿಗೆ ಬರುವುದನ್ನೂ, ತಡೆದುಕೊಳ್ಳಲಾಗದ್ದನ್ನೂ ಅಲ್ಲಿನ ಅಜ್ಜ-ಅಜ್ಜಿಯರು ಹೇಗೆ ಹೇಳುತ್ತಾರೆ? ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಯಾರಾದರೂ ಇದ್ದರೆ, ದಿನಾ ಬಳಸಿದ ಮಾತನ್ನೇ ಬರೆಯಿರಿ. ನಿಘಂಟಿನ ಪದ ನನ್ನ ಹತ್ತಿರ ಜಾಸ್ತಿಯೇ ಇವೆ.