ಮರು: ಪೊಂಜಿ ಸ್ಕೀಮ್‌ಗೆ ಕನ್ನಡ ಪದ ಬೇಕು, ಇವತ್ತು ಸಂಜೆಯೊಳಗೆ

> ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳ ಸಭೆಗೆ ಒಂದು ಫ್ಲೆಕ್ಸ್, ಜೊತೆಗೆ ನಾಲ್ಕು ಪುಟದ ಕೈಪಿಡಿ. ಸಂಜೆ ಪ್ರೆಸ್ಸಿಗೆ ಕೊಡಬೇಕು. ಪೊಂಜಿ ಸ್ಕೀಮ್ ಅನ್ನೋದಕ್ಕೆ ಓದಿದ ಕೂಡಲೇ ಅರ್ಥವಾಗುವ ಪದ ಯಾವುದು?

ಮೇಡಂ, ಸಂಜೆಯೊಳಗೆ ಬೇಕು ಅಂದಿದ್ದೀರಿ, ಅದಕ್ಕೇ ಉತ್ತರ ಮೊದಲು. ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿ "ಬ್ಲೇಡ್ ಕಂಪನಿ ಬಂದಾವು, ಎಚ್ಚರ" ಅಂತ ಹಾಕಿ. ಕೆಳಗೆ ಒಂದು ಸಾಲು, "ಹೊಸಬರು ಕಟ್ಟಿದ ದುಡ್ಡನ್ನೇ ಹಳಬರಿಗೆ ಲಾಭ ಅಂತ ಕೊಡುವ ಮೋಸ". ಕೈಪಿಡಿಯಲ್ಲಿ "ಪೊಂಜಿ ದಂಧೆ" ಅಂತ ಬರೆಯಿರಿ. ಜ ಕೆಳಗೆ ಚುಕ್ಕಿ ಬೇಡ. ಕಾರಣಗಳನ್ನು ಪುರುಸೊತ್ತಾದಾಗ ಓದಿಕೊಳ್ಳಿ.

> ಚೀಟಿ ವಂಚನೆ ಅಂದರೆ ಸಾಕಲ್ಲ, ಎಲ್ಲರಿಗೂ ಗೊತ್ತಾಗುತ್ತದೆ

ಸಾಲದು. ಇದನ್ನು ಮಾತ್ರ ಹಾಕಲೇಬೇಡಿ. ಆ ಸಭೆಗೆ ಬರುವ ಹೆಂಗಸರಲ್ಲಿ ಎಷ್ಟೋ ಜನ ಚೀಟಿ ಕಟ್ಟುವವರೇ. ಇಪ್ಪತ್ತು ಜನ, ತಲಾ 5,000, ಇಪ್ಪತ್ತು ತಿಂಗಳು. ತಿಂಗಳಿಗೆ ಒಂದು ಲಕ್ಷ ಸೇರುತ್ತದೆ, ಕಷ್ಟ ಇದ್ದವರು ಹರಾಜು ಕೂಗಿ ಎತ್ತಿಕೊಳ್ಳುತ್ತಾರೆ, ಬಿಟ್ಟುಕೊಟ್ಟ ಮೊತ್ತ ಉಳಿದವರಿಗೆ ಹಂಚಿಹೋಗುತ್ತದೆ. ಯಾರ ದುಡ್ಡು ಯಾರಿಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು, ಯಾವ ತಿಂಗಳಿಗೆ ಮುಗಿಯುತ್ತದೆ ಅನ್ನೋದೂ ಗೊತ್ತು. ಇದಕ್ಕೆ 1982ರ ಚಿಟ್ ಫಂಡ್ ಕಾಯ್ದೆ ಇದೆ. ನಮ್ಮ ರಾಜ್ಯ ಸರ್ಕಾರದ್ದೇ ಆದ ಎಂಎಸ್‌ಐಎಲ್ ಕಂಪನಿ ಚೀಟಿ ನಡೆಸುತ್ತದೆ. ಚೀಟಿ ಎತ್ತಿದವನು ಓಡಿಹೋಗೋದು, ನಡೆಸುವವನು ಕೈ ಎತ್ತೋದು ಉಂಟು, ಆದರೆ ಅದು ಬೇರೆ ಮೋಸ. ಪೊಂಜಿಯಲ್ಲಿ ವ್ಯವಸ್ಥೆಯೇ ಮೋಸ.

ಈ ಗೊಂದಲ ನಮ್ಮ ಪತ್ರಿಕೆಗಳದ್ದು ಮಾತ್ರ ಅಲ್ಲ. 2013ರಲ್ಲಿ ಬಂಗಾಳದ ಶಾರದಾ ಅನ್ನೋ ಪೊಂಜಿ ಕಂಪನಿ ಮುಳುಗಿದಾಗ ದೇಶದ ಎಷ್ಟೋ ಪತ್ರಿಕೆಗಳು ಚಿಟ್ ಫಂಡ್ ಹಗರಣ ಅಂತಲೇ ಬರೆದವು. ಅಲ್ಲಿ ಯಾವ ಚೀಟಿಯೂ ಇರಲಿಲ್ಲ. ಇಂಥ ದುಡ್ಡಿನ ಸ್ಕೀಮುಗಳನ್ನು ನಿಷೇಧಿಸಿದ 1978ರ ಕಾಯ್ದೆಯ ಹೆಸರಿನಲ್ಲಿ "ಪ್ರೈಜ್ ಚಿಟ್" ಅಂತ ಇರುವುದೂ ಗೊಂದಲವನ್ನು ಜಾಸ್ತಿ ಮಾಡಿದೆ. ಕಾನೂನುಬದ್ಧವಾದ ಒಂದು ವ್ಯವಹಾರದ ಹೆಸರನ್ನು ಕಳ್ಳರಿಗೆ ಕೊಡಬಾರದು.

> ಅತಿಬಡ್ಡಿ ಯೋಜನೆ / ದುಡ್ಡು ಡಬಲ್ ಸ್ಕೀಮ್

ಎರಡೂ ಅರ್ಧ ಸರಿ, ಅರ್ಧ ಅಪಾಯ. 1920ರಲ್ಲಿ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇಕಡಾ 50, 90 ದಿನಕ್ಕೆ ದುಪ್ಪಟ್ಟು ಅಂದ. ಹೊರದೇಶದಲ್ಲಿ ಅಂಚೆ ಕೂಪನ್ ಅಗ್ಗಕ್ಕೆ ಕೊಂಡು ಅಮೆರಿಕದಲ್ಲಿ ಹೆಚ್ಚಿನ ಬೆಲೆಗೆ ಬದಲಾಯಿಸಿಕೊಳ್ಳುತ್ತೇನೆ ಅನ್ನೋದು ಅವನು ಹೇಳಿದ ಕತೆ. ನಿಜವಾಗಿ ಇವರ ಟೋಪಿ ಅವರಿಗೆ, ಅವರ ಟೋಪಿ ಇವರಿಗೆ. ಅದೇ ವರ್ಷ ಆಗಸ್ಟಿನಲ್ಲಿ ಸಿಕ್ಕಿಬಿದ್ದ. ಅವನಿಗೆ "ಡಬಲ್" ಹೊಂದುತ್ತದೆ, ಸರಿ. ಆದರೆ ಅಮೆರಿಕದಲ್ಲೇ ಇಂಥದ್ದೇ ಮೋಸ ನಡೆಸಿ 2008ರಲ್ಲಿ ಸಿಕ್ಕಿಬಿದ್ದ ಬರ್ನಾರ್ಡ್ ಮೇಡಾಫ್ ಡಬಲ್ ಅಂತ ಹೇಳಲೇ ಇಲ್ಲ. ವರ್ಷ ವರ್ಷ ತಪ್ಪದೆ ಹದವಾದ ಲಾಭ ತೋರಿಸುತ್ತಾ ಹೋದ, ಅದಕ್ಕೇ ದೊಡ್ಡ ದೊಡ್ಡ ಸಂಸ್ಥೆಗಳು ನಂಬಿದವು.

"ಬಡ್ಡಿ" ಪದ ಇನ್ನೂ ಅಪಾಯ. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಜನರಿಂದ ದುಡ್ಡು ಕಟ್ಟಿಸಿಕೊಂಡ ಐಎಂಎ ಕಂಪನಿ ಬಾಗಿಲು ಹಾಕಿತಲ್ಲ, ಅಲ್ಲಿ ದುಡ್ಡು ಕಟ್ಟಿದ ಸಾವಿರಾರು ಜನರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳು. ಬಡ್ಡಿ ಮುಟ್ಟಬಾರದು ಅಂತ ಬ್ಯಾಂಕನ್ನು ದೂರ ಇಟ್ಟವರು. ಅವರಿಗೆ ಹೇಳಿದ್ದು "ಇದು ಬಡ್ಡಿ ಅಲ್ಲ, ವ್ಯಾಪಾರದ ಲಾಭದಲ್ಲಿ ಪಾಲು, ಹಲಾಲ್" ಅಂತ. "ಅತಿಬಡ್ಡಿಗೆ ಆಸೆಪಡಬೇಡಿ" ಅನ್ನೋ ಫ್ಲೆಕ್ಸ್ ಅವರ ಬೀದಿಯಲ್ಲೇ ಕಟ್ಟಿದ್ದರೂ ಅವರು ಅದನ್ನು ತಮಗೆ ಹೇಳಿದ್ದು ಅಂದುಕೊಳ್ಳುತ್ತಿರಲಿಲ್ಲ. ಆಮೇಲೆ ಅವರನ್ನೇ "ದುರಾಸೆ" ಅಂತ ಬೈದವರು ಇದ್ದಾರೆ, ನಮ್ಮ ಈ ಮೇಲಿಂಗ್ ಪಟ್ಟಿಯಲ್ಲೂ ಇದ್ದಾರೆ. ಧರ್ಮಕ್ಕೆ ಹೆದರಿ ನಡೆದವರಿಗೆ ಆ ಮಾತು ಅನ್ಯಾಯ. ಅದಕ್ಕೇ ನಾನು "ಲಾಭ" ಅಂತ ಬರೆದದ್ದು. ಬಡ್ಡಿ ಅನ್ನಲಿ, ಪಾಲು ಅನ್ನಲಿ, ಬೋನಸ್ ಅನ್ನಲಿ, ಎಲ್ಲಕ್ಕೂ ಸಲ್ಲುತ್ತದೆ.

"ಯೋಜನೆ"ಯೂ ಬೇಡ. ಹಳ್ಳಿಯಲ್ಲಿ ಯೋಜನೆ ಅಂದ್ರೆ ಗೃಹಲಕ್ಷ್ಮಿ, ಅನ್ನಭಾಗ್ಯ, ಸರ್ಕಾರ ಕೊಡುವಂಥದ್ದು. ಗೋಡೆ ಮೇಲೆ "ಪೊಂಜಿ ಯೋಜನೆ" ಅಂತ ಕಂಡರೆ ಅರ್ಜಿ ಎಲ್ಲಿ ಕೊಡಬೇಕು ಅಂತ ಕೇಳುತ್ತಾರೆ.

> ಸರಪಳಿ ಹೂಡಿಕೆ

ಅಲ್ಲ. ನೀನು ಇಬ್ಬರನ್ನು ಸೇರಿಸು, ಅವರು ನಾಲ್ವರನ್ನು ಸೇರಿಸಲಿ, ಇದು ಚೈನ್ ಲಿಂಕ್. ಅಲ್ಲಿ ಸೇರಿಸುವ ಕೆಲಸ ನಿಮ್ಮದು. ಪೊಂಜಿಯಲ್ಲಿ ನೀವು ದುಡ್ಡು ಕಟ್ಟಿ ಸುಮ್ನೆ ಕೂತಿರುತ್ತೀರಿ, ಒಳಗೆ ಏನು ನಡೆಯುತ್ತಿದೆ ಅಂತ ಒಬ್ಬನಿಗೆ ಮಾತ್ರ ಗೊತ್ತು.

> ಹುಸಿಹೂಡಿಕೆ. ಅಚ್ಚಗನ್ನಡ ಪದ ಇರುವಾಗ ಬ್ಲೇಡು, ದಂಧೆ ಯಾಕೆ?

ಸರ್, ಪದ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಹುಸಿ ಕರೆ ಅಂದರೆ ಕರೆ ಮಾಡಿದವನೇ ಸುಳ್ಳುಗಾರ. ಹಾಗೆ ನೋಡಿದರೆ ಹುಸಿಹೂಡಿಕೆಯಲ್ಲಿ ಹೂಡಿದವನ ಮೇಲೆ ಹುಸಿ ಬೀಳುತ್ತದೆ. ಅವನ ದುಡ್ಡು ನಿಜವಾದದ್ದೇ, ಮಗಳ ಮದುವೆಗೆ ಕೂಡಿಟ್ಟದ್ದು. ಸುಳ್ಳು ಹೇಳಿದವನು ಇಸ್ಕೊಂಡವನು. ಇನ್ನು "ಹೂಡು" ಅಂದರೆ ನೇಗಿಲಿಗೆ ಎತ್ತು ಕಟ್ಟಿ ಕೆಲಸಕ್ಕೆ ಹಚ್ಚೋದು. ಇಲ್ಲಿ ದುಡ್ಡನ್ನು ಯಾವ ಕೆಲಸಕ್ಕೂ ಹಚ್ಚಲಿಲ್ಲ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು ಅಷ್ಟೆ. ಅಂಥದ್ದಕ್ಕೆ ಹೂಡಿಕೆ ಅನ್ನೋ ಮರ್ಯಾದೆ ಯಾಕೆ?

ಎರವಲು ಪದಗಳ ವಿಷಯಕ್ಕೆ ಬಂದರೆ, ನಿಮ್ಮ ಪತ್ರದಲ್ಲೇ "ಠೇವಣಿ" ಎರಡು ಸಲ ಇದೆ, ಮರಾಠಿಯಿಂದ ಬಂದದ್ದು. ಅಸಲು, ಜಮಾ, ವಸೂಲಿ ಅರಬ್ಬಿ ಮೂಲದವು. ಬಡ್ಡಿ ಸಂಸ್ಕೃತದ ವೃದ್ಧಿಯ ತದ್ಭವ. ಇವನ್ನು ಕಿತ್ತು ಹಾಕಿ ಒಂದು ಸಹಕಾರ ಸಂಘದ ಪಾಸ್‌ಬುಕ್ ಬರೆದು ತೋರಿಸಿ. ದಂಧೆ ಅಂದರೆ ಹಿಂದಿ, ಮರಾಠಿಗಳಲ್ಲಿ ಮೊದಲ ಅರ್ಥ ವ್ಯಾಪಾರ. ಕನ್ನಡಕ್ಕೆ ಬಂದ ಮೇಲೆ ಅದು ಮರಳು ದಂಧೆ, ಬೆಟ್ಟಿಂಗ್ ದಂಧೆ. ಆ ಕೆಟ್ಟ ಅರ್ಥವನ್ನು ನಾವು ಗಟ್ಟಿ ಮಾಡಿಕೊಂಡಿದ್ದೇವೆ, ಈಗ ಅದು ನಮ್ಮ ಪದ. ಬ್ಲೇಡ್ ಕಂಪನಿಯದ್ದೂ ಹೀಗೇ. ಕೇರಳದ ಕಡೆ ಬ್ಲೇಡ್ ಅಂದ್ರೆ ಕತ್ತು ಕೊಯ್ಯುವ ಬಡ್ಡಿಗೆ ಸಾಲ ಕೊಡುವವರು. ನಮ್ಮಲ್ಲಿ ಅದು ದುಡ್ಡು ಕಟ್ಟಿಸಿಕೊಂಡು ರಾತ್ರೋರಾತ್ರಿ ಬೋರ್ಡ್ ಇಳಿಸುವ ಕಂಪನಿ. ಯಾವ ಸಮಿತಿಯೂ ಕೂತು ಟಂಕಿಸಿದ್ದಲ್ಲ, ಕಳಕೊಂಡವರು ಇಟ್ಟ ಹೆಸರು. ನನಗೆ ಅದೇ ದೊಡ್ಡ ಪ್ರಮಾಣ.

ಮೇಡಂ, ಇನ್ನೊಂದು ವಿಷಯ. ಕೈಪಿಡಿಯ ಮೂರನೇ ಪುಟದಲ್ಲಿ ಕಾಯ್ದೆಯ ಭಾಗ ಖಾಲಿ ಬಿಟ್ಟಿದ್ದೀರಿ. ನಮ್ಮ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣೆ ಕಾಯ್ದೆ, ಕೇಂದ್ರದ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ, ಎರಡನ್ನೂ ಹಾಕಿ. ಕಂಪನಿಯ ಆಸ್ತಿ ಮುಟ್ಟುಗೋಲು ಹಾಕಲು ಇವುಗಳಲ್ಲಿ ಅಧಿಕಾರ ಇದೆ. ಜನ ರಸೀದಿ ಜೋಪಾನ ಮಾಡಬೇಕು ಅಂತಲೂ ಸೇರಿಸಿ, ಅದಿಲ್ಲದೆ ಅರ್ಜಿ ಮುಂದಕ್ಕೆ ಹೋಗೋದು ಕಷ್ಟ. ಕರಡು ತಿದ್ದಿದ ಮೇಲೆ ಕಳಿಸಿದರೆ ನಾಲ್ಕು ಗಂಟೆಯೊಳಗೆ ನೋಡಿ ಕೊಡುತ್ತೇನೆ. ಎರವಲಿನ ಜಗಳ ಮುಂದುವರಿಸುವವರು ದಯವಿಟ್ಟು ಬೇರೆ ತಲೆಬರಹದಲ್ಲಿ ಬರೆಯಿರಿ.