ದೇವರು ಎಲ್ಲರನ್ನೂ ಪ್ರೀತಿಸ್ತಾರೆ ಅಂತ ಗೊತ್ತು, ಆದ್ರೆ ನನ್ನನ್ನೂ ಅಂತ ನಂಬೋಕೆ ಆಗ್ತಿಲ್ಲ

ಸಂಜೆಮಲ್ಲಿಗೆ:

ಎಲ್ಲರಿಗೂ ವಂದನೆ. ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡು ಟೈಪ್ ಮಾಡೋದು ಅಳ್ಸೋದು ಇದೇ ಆಗ್ತಿತ್ತು, ಇವತ್ತು ಏನಾದ್ರೂ ಆಗ್ಲಿ ಅಂತ ಹಾಕ್ತಿದೀನಿ.

ನನಗೀಗ 29. 16ನೇ ವಯಸ್ಸಲ್ಲಿ ಒಂದು ಯೂತ್ ಕ್ಯಾಂಪಲ್ಲಿ ಯೇಸು ಸ್ವಾಮಿನ ನನ್ನ ರಕ್ಷಕ ಅಂತ ಒಪ್ಕೊಂಡೆ. ಅವತ್ತು ರಾತ್ರಿ ಸಂತೋಷಕ್ಕೆ ನಿದ್ದೆನೇ ಬರ್ಲಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಆ ಸಂತೋಷ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ, ಆಗ ಅನ್ಸಿದ್ದು ನಾನು ಅವತ್ತು ಸರಿಯಾಗಿ ಪ್ರಾರ್ಥನೆ ಮಾಡ್ಲಿಲ್ವೇನೋ ಅಂತ. ಅವತ್ತಿಂದ ಯಾವ ಕೂಟದಲ್ಲಿ 'ಯೇಸುವಿಗೆ ಜೀವನ ಒಪ್ಪಿಸಿಕೊಡೋರು ಮುಂದೆ ಬನ್ನಿ' ಅಂದ್ರೂ ನಾನು ಎದ್ದು ಹೋಗ್ತೀನಿ. ನನ್ನ ಬೈಬಲ್ಲಿನ ಕೊನೇ ಖಾಲಿ ಹಾಳೇಲಿ ಆ ತಾರೀಕುಗಳನ್ನೆಲ್ಲ ಪೆನ್ಸಿಲಲ್ಲಿ ಬರ್ದಿಟ್ಟಿದೀನಿ. ನಿನ್ನೆ ರಾತ್ರಿ ಎಣಿಸ್ದೆ, ಒಂಬತ್ತು ಇದೆ.

ಇನ್ನೊಂದು ವಿಷ್ಯ. ನಮ್ಮಪ್ಪ ಕೆಟ್ಟೋರಲ್ಲ. ಆದ್ರೆ ಮಾರ್ಕ್ಸ್ ಕಾರ್ಡ್ ಕೊಟ್ರೆ ಚೆನ್ನಾಗಿ ಬಂದಿದ್ರೆ ಮುಖ ನೋಡಿ ಸೈನ್ ಹಾಕೋರು, ಕಡಿಮೆ ಇದ್ರೆ ಮುಖ ನೋಡದೆ ಹಾಕಿ ಟೇಬಲ್ ಮೇಲೆ ಸರಿಸಿ ಬಿಡೋರು, ಬೈಯ್ತಾನೂ ಇರ್ಲಿಲ್ಲ. ಈಗ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂತ ಶುರು ಮಾಡಿದ್ರೆ ಕಣ್ಣ ಮುಂದೆ ಬರೋದು ಆ ಸರಿಸೋ ಕೈನೇ. ಒಂದೇ ಪಾಪನ ಎಷ್ಟು ಸಲ ಒಪ್ಕೊಂಡ್ರೂ ಕ್ಷಮೆ ಸಿಕ್ತು ಅಂತ ಅನ್ಸಲ್ಲ, ರಾತ್ರಿ ಮಲಗಿದ್ಮೇಲೆ ಎದ್ದು ಕೂತು ಮತ್ತೆ ಮೊದಲಿಂದ ಹೇಳ್ತೀನಿ, ಏನಾದ್ರೂ ಬಿಟ್ಟುಹೋಗಿರುತ್ತೆ ಅಂತ.

ನನಗಿಂತ ತಿಳಿದೋರೊಬ್ರ ಹತ್ರ ಹೇಳ್ಕೊಂಡೆ, 'ನಿನಗೆ ನಂಬಿಕೆ ಸಾಲ್ದು, ನಂಬಿಕೆ ಇದ್ದಿದ್ರೆ ಈ ಪ್ರಶ್ನೆನೇ ಬರ್ತಿರ್ಲಿಲ್ಲ' ಅಂದ್ರು. ಅದಾದ್ಮೇಲೆ ಯಾರ ಹತ್ರಾನೂ ಹೇಳಿಲ್ಲ.

ದೇವರು ನನ್ನನ್ನ ಕ್ಷಮಿಸಿದಾರೆ, ನಾನು ಆತನವಳೇ ಅನ್ನೋ ಆ ನಿಶ್ಚಯ ನಿಮಗೆಲ್ಲ ಹೇಗೆ ಬಂತು? ಬಂದಿದ್ದು ಉಳೀತಾ? ದಯವಿಟ್ಟು ಬರೀ ವಾಕ್ಯದ ನಂಬರ್ ಹಾಕಿ ಹೋಗ್ಬೇಡಿ, ಆ ವಾಕ್ಯಗಳೆಲ್ಲ ನನಗೆ ಬಾಯಿಪಾಠ.


ಹಳೇ ಓದುಗ:

ಸಿಸ್ಟರ್, ಮೊದಲನೇದಾಗಿ ಅವರು ಹಾಗೆ ಹೇಳಿದ್ದು ತಪ್ಪು. ನಂಬಿಕೆ ಇದ್ದೋರಿಗೆ ಈ ಪ್ರಶ್ನೆ ಬರಲ್ಲ ಅನ್ನೋದಾದ್ರೆ ಸಭೆಯ ಚರಿತ್ರೇಲಿ ಅರ್ಧ ಜನನ ಹೊರಗೆ ಹಾಕ್ಬೇಕಾಗುತ್ತೆ.

ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಸನ್ಯಾಸಿ ಆಗಿದ್ದಾಗ ನೀವು ಮಾಡ್ತಿರೋದನ್ನೇ ಮಾಡ್ತಿದ್ರು. ಗಂಟೆಗಟ್ಟಲೆ ಪಾಪ ನಿವೇದನೆ ಮಾಡಿ ಮುಗ್ಸಿ ಹೊರಗೆ ಬಂದ್ಮೇಲೆ ಇನ್ನೊಂದು ನೆನಪಾಗಿ ವಾಪಸ್ ಹೋಗೋದು. ಅವರ ಮೇಲಿನವರಾಗಿದ್ದ ಸ್ಟೌಪಿಟ್ಸ್ ಅನ್ನೋರು 'ನಿನ್ನ ಪಾಪಗಳನ್ನ ನೋಡೋದು ಬಿಟ್ಟು ಕ್ರಿಸ್ತನ ಗಾಯಗಳನ್ನ ನೋಡು' ಅಂತ ಪದೇ ಪದೇ ಹೇಳ್ತಿದ್ರು, ಅದು ತಲೆಗೆ ಹೋಗೋಕೆ ವರ್ಷಗಳೇ ಹಿಡೀತು.

ಮೆಥಡಿಸ್ಟ್ ಸಭೆಗೆ ಮೂಲ ಆದ ಜಾನ್ ವೆಸ್ಲಿ ವಿಷ್ಯ ಇನ್ನೂ ಸ್ವಾರಸ್ಯ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟದಲ್ಲಿ ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದೋದನ್ನ ಕೇಳ್ತಾ ಅವರ ಹೃದಯ ಬೆಚ್ಚಗಾಯ್ತು, ನನ್ನ ಪಾಪಗಳನ್ನೂ, ಹೌದು ನನ್ನವನ್ನೂ, ಕ್ರಿಸ್ತ ತೆಗೆದುಹಾಕಿದ್ದಾನೆ ಅನ್ನೋ ಭರವಸೆ ಸಿಕ್ತು. ಈ ಕಥೆ ಎಲ್ಲರೂ ಹೇಳ್ತಾರೆ. ಯಾರೂ ಹೇಳದೇ ಇರೋದು ಏನಂದ್ರೆ 1739ರ ಜನವರಿಯಲ್ಲಿ, ಅಂದ್ರೆ ಎಂಟು ತಿಂಗಳೂ ತುಂಬಿಲ್ಲ, ಅದೇ ಮನುಷ್ಯ ದಿನಚರೀಲಿ 'ನಾನು ಈಗಲೂ ಕ್ರೈಸ್ತನಲ್ಲ' ಅಂತ ಬರ್ಕೊಂಡಿದಾರೆ. ಆಮೇಲೆ 1791ರಲ್ಲಿ ಸಾಯೋವರೆಗೂ ಊರೂರು ಸುತ್ತಿ ಸಾರಿದ್ರು. ಆ ಬೆಚ್ಚಗಿನ ಫೀಲಿಂಗ್ ಮೇಲೇ ನಿಂತಿದ್ರೆ ಆ ಜನವರೀಲೇ ಮನೆಗೆ ಹೋಗ್ಬೇಕಿತ್ತು.

ಇನ್ನೊಂದು, ಈ ನಿಶ್ಚಯದ ಬಗ್ಗೆ ಎಲ್ಲಾ ಸಭೆಗಳೂ ಒಂದೇ ಥರ ಹೇಳಲ್ಲ, ಅದೂ ತಿಳಿದಿರಲಿ. 1547ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ತಾನು ದೇವರ ಕೃಪೆಯಲ್ಲಿದ್ದೀನಿ ಅಂತ ಯಾರೂ ತಪ್ಪೇ ಆಗದಷ್ಟು ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ದೇವರ ಕರುಣೆ ಮೇಲೆ ಸಂದೇಹ ಪಡಬಾರದು ಅಂತು, ಕ್ಯಾಥೊಲಿಕರು ಇದನ್ನ ನಿರೀಕ್ಷೆ ಅಂತಾರೆ. ಪ್ರೊಟೆಸ್ಟೆಂಟರು ನಿಶ್ಚಯ ಸಾಧ್ಯ ಅಂದ್ರು. ಆದ್ರೆ ಅವರಲ್ಲೂ 1640ರ ದಶಕದಲ್ಲಿ ಇಂಗ್ಲೆಂಡಲ್ಲಿ ಬರೆದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ 18ನೇ ಅಧ್ಯಾಯ ಓದಿ ನೋಡಿ, ನಿಜವಾದ ವಿಶ್ವಾಸಿನೂ ಈ ನಿಶ್ಚಯಕ್ಕೆ ಬಹಳ ಕಾಲ ಕಾಯ್ಬೇಕಾಗಬಹುದು, ಬಂದಮೇಲೂ ಅದು ಅಲುಗಾಡಬಹುದು ಕುಂದಬಹುದು ಅಂತ ಸ್ಪಷ್ಟವಾಗಿದೆ. ನಿಮ್ಮನ್ನ ಬೈದೋರಿಗಿಂತ ಇದನ್ನ ಬರೆದೋರು ಹೆಚ್ಚು ಕಟ್ಟುನಿಟ್ಟಿನ ಜನ, ಅವರೇ ಇಷ್ಟು ಮೃದುವಾಗಿ ಬರ್ದಿದಾರೆ.

ಆ ಒಂಬತ್ತು ತಾರೀಕಿನ ಬಗ್ಗೆ ಒಂದು ಮಾತು. ಒಂಬತ್ತೂ ನೀವು ಮಾಡಿದ ಕೆಲ್ಸದ ತಾರೀಕುಗಳು, ಆತನು ಮಾಡಿದ್ದು ಆ ಪಟ್ಟೀಲಿ ಒಂದೂ ಇಲ್ಲ. ರೋಮಾ 5:8 ನಿಮಗೆ ಬಾಯಿಪಾಠ ಅಂತ ಗೊತ್ತು, 'ನಾವು ಪಾಪಿಗಳಾಗಿದ್ದಾಗಲೇ' ಕ್ರಿಸ್ತ ನಮಗೋಸ್ಕರ ಪ್ರಾಣ ಕೊಟ್ಟ ಅಂತ ಇದೆಯಲ್ಲ, ಆ ಮಾತಿನ ಹತ್ರ ಸ್ವಲ್ಪ ಹೊತ್ತು ನಿಂತ್ಕೊಳಿ. ನೀವು ಮುಂದೆ ಎದ್ದು ಹೋಗೋಕೆ ಮುಂಚೆನೇ ಆಗಿದ್ದು ಅದು.


ಎಚ್ಚರ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಜಾರು ಮಾಡ್ಕೋಬೇಡಿ. 'ನೀವು ನಂಬಿಕೆಯಲ್ಲಿ ಇದ್ದೀರೋ ಇಲ್ಲವೋ ಪರೀಕ್ಷಿಸಿಕೊಳ್ಳಿರಿ' ಅಂತ 2 ಕೊರಿಂಥ 13:5ರಲ್ಲಿ ಪೌಲನೇ ಹೇಳಿದಾನೆ. 'ಕರ್ತನೇ ಕರ್ತನೇ' ಅನ್ನೋರೆಲ್ಲ ಪರಲೋಕ ರಾಜ್ಯದ ಒಳಗೆ ಹೋಗಲ್ಲ ಅಂತ ಸ್ವಾಮಿನೇ ಹೇಳಿದಾರೆ. ಎಲ್ಲರಿಗೂ 'ಏನೂ ಆಗಲ್ಲ ದೇವರು ಪ್ರೀತಿಸ್ತಾರೆ' ಅಂತ ಬೆನ್ನು ತಟ್ಟಿ ಕಳ್ಸಿದ್ರೆ ನಾವು ಯಾರನ್ನಾದ್ರೂ ನಿದ್ದೆ ಮಾಡಿಸಿಬಿಡ್ತೀವಿ ಅನ್ನೋ ಭಯ ನನಗೆ.


ಹಳೇ ಓದುಗ:

@ಎಚ್ಚರ ನಿಮ್ಮ ಭಯ ಸುಳ್ಳಲ್ಲ, ಹಾಗೆ ನಿದ್ದೆ ಹೋದೋರನ್ನ ನಾನೂ ನೋಡಿದೀನಿ. ಆದ್ರೆ ಆ ವಾಕ್ಯದ ಹಿಂದಿನ ವಚನಗಳನ್ನ ಓದಿ. ಕೊರಿಂಥದವರು ಪೌಲನ ಹತ್ರ 'ಕ್ರಿಸ್ತ ನಿನ್ನಲ್ಲಿ ಮಾತಾಡ್ತಾನೆ ಅನ್ನೋಕೆ ಪ್ರೂಫ್ ಕೊಡು' ಅಂತ ಕೇಳ್ತಿದ್ರು, ಅದು 13:3ರಲ್ಲಿದೆ. ಅದಕ್ಕೆ ಪೌಲ ನನ್ನನ್ನೇನು ಪರೀಕ್ಷೆ ಮಾಡ್ತೀರಿ ನಿಮ್ಮನ್ನೇ ನೋಡ್ಕೊಳ್ಳಿ, ಕ್ರಿಸ್ತ ನಿಮ್ಮಲ್ಲಿದ್ದಾನಲ್ವಾ, ಆತನನ್ನ ನಿಮಗೆ ತಂದು ಕೊಟ್ಟಿದ್ದು ಯಾರು ಅನ್ನೋ ಅರ್ಥದಲ್ಲಿ ಹೇಳಿದ್ದು. ಅವರು ಫೇಲ್ ಆಗ್ತಾರೆ ಅಂತಲ್ಲ, ಪಾಸ್ ಆಗ್ತಾರೆ ಅನ್ನೋ ಭರವಸೇಲಿ. ಔಷಧಿ ಒಳ್ಳೇದೇ ಬ್ರದರ್, ಆದ್ರೆ ಮೈಮರೆತು ಮಲಗಿರೋನಿಗೆ ಕೊಡೋದನ್ನ 13 ವರ್ಷದಿಂದ ನಿದ್ದೆನೇ ಮಾಡದೆ ಇರೋಳಿಗೆ ಕೊಡ್ಬಾರ್ದು.


ಎಚ್ಚರ:

ಹೂಂ, ಹಿಂದಿನ ವಚನ ಸೇರಿಸಿ ಯಾವತ್ತೂ ಓದಿರ್ಲಿಲ್ಲ. ಸಿಸ್ಟರ್, ನಿಮಗೆ ಭಾರ ಹೆಚ್ಚು ಮಾಡಿದ್ರೆ ಕ್ಷಮಿಸಿ.


ಒಬ್ಬ ಮಗ:

ತಂಗಿ, ನಾನು ದೊಡ್ಡ ಓದಿದೋನಲ್ಲ, ವಯಸ್ಸು 54. ನಮ್ಮಮ್ಮನ ವಿಷ್ಯ ಹೇಳ್ತೀನಿ, ಉಪಯೋಗ ಆದ್ರೆ ಇಟ್ಕೋ.

ಅಮ್ಮನಿಗೆ ಮರೆವಿನ ಕಾಯಿಲೆ, ಡಿಮೆನ್ಶಿಯಾ. ಆರು ವರ್ಷ ಆಯ್ತು. ಮೊದಮೊದಲು ಹೆಸರು ತಪ್ಪಿಸೋರು, ಆಮೇಲೆ ನನ್ನನ್ನ ಅವರ ತಮ್ಮ ಅಂದ್ಕೊಳ್ತಿದ್ರು, ಈಗ ಎರಡು ವರ್ಷದಿಂದ ನಾನ್ಯಾರು ಅಂತನೇ ಗೊತ್ತಿಲ್ಲ. ನನ್ನನ್ನ 'ನೀವು' ಅಂತಾರೆ. ಹೆತ್ತ ತಾಯಿ 'ಬಾರೋ ಹೋಗೋ' ಅಂತಿದ್ದೋರು 'ನೀವು ಕೂತ್ಕೊಳ್ಳಿ' ಅಂದಾಗ ಮೊದಲ ಸಲ ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದೀನಿ.

ಭಾನುವಾರ ಅವರ ಉಗುರು ಕತ್ತರಿಸೋದು ನನ್ನ ಕೆಲ್ಸ. ಕಿರುಬೆರಳು ಬಂದಾಗ ಕೈ ಎಳ್ಕೊಂಡ್ಬಿಡ್ತಾರೆ, ಯಾವಾಗ್ಲೂ ಅದೊಂದೇ ಬೆರಳು, ಸ್ವಲ್ಪ ಹೊತ್ತು ಕೈ ಹಿಡ್ಕೊಂಡು ಸುಮ್ಮನೆ ಕೂತಿದ್ರೆ ತಾನಾಗೇ ಬಿಡ್ತಾರೆ. ಹೋದ ತಿಂಗಳು ಹೀಗೇ ಕೂತಿದ್ದಾಗ ಕಿಟಕಿ ಕಡೆ ನೋಡಿ 'ಕತ್ತಲಾಯ್ತು, ನಿಮ್ಮ ತಾಯಿ ಕಾಯ್ತಿರ್ತಾರೆ, ಮನೆಗೆ ಹೋಗಿ' ಅಂದ್ರು. ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. 'ಹೂಂ, ಹೋಗ್ತೀನಿ' ಅಂದು ಉಳಿದ ಬೆರಳು ಮುಗಿಸ್ದೆ.

ಅವತ್ತು ರಾತ್ರಿ ಯೆಶಾಯ 49 ತೆಗ್ದೆ. ಆ ವಾಕ್ಯ ಚಿಕ್ಕಂದಿನಿಂದ ಕೇಳ್ತಿದೀನಿ, 'ಹೆತ್ತ ತಾಯಿ ಮಗುನ ಮರೆತಾಳೇ' ಅಂತ. ಪ್ರಸಂಗದಲ್ಲೆಲ್ಲ ತಾಯಿ ಎಲ್ಲಿ ಮರೀತಾಳೆ, ಮರೆಯೋದೇ ಇಲ್ಲ ಅಂತ ಹೇಳ್ಬಿಡ್ತಾರೆ. ಆದ್ರೆ ಬೈಬಲ್ ಹಾಗೆ ಹೇಳೋದಿಲ್ಲ ತಂಗಿ. 'ಒಂದು ವೇಳೆ ಮರೆತಾಳು' ಅಂತ ಇದೆ. ದೇವರಿಗೆ ಗೊತ್ತಿತ್ತು ನಮ್ಮಮ್ಮನಂಥೋರು ಇರ್ತಾರೆ ಅಂತ, ತಾಯಿನೂ ಮರೀಬಹುದು ಅಂತ ಒಪ್ಕೊಂಡೇ ನಾನು ಮರೆಯೋದಿಲ್ಲ ಅಂತ ಹೇಳಿದಾರೆ, ಆಮೇಲೆ ಅಂಗೈಯಲ್ಲಿ ಬರ್ಕೊಂಡಿದೀನಿ ಅಂದಿದಾರೆ. ಅದನ್ನ ಹೇಳಿದ್ದು ಯಾರಿಗೆ ಅಂತಲೂ ನೋಡು, ಒಂದೇ ವಚನ ಹಿಂದೆ ಆ ಜನ 'ಕರ್ತನು ನನ್ನನ್ನು ಮರೆತುಬಿಟ್ಟಿದ್ದಾನೆ' ಅಂತ ದೂರ್ತಿದ್ರು. ಹಾಗೆ ದೂರಿದ್ದಕ್ಕೆ ಒಂದು ಬೈಗುಳನೂ ಇಲ್ಲ ಅಲ್ಲಿ.

ಅಮ್ಮನಿಗೆ ನನ್ನ ಗುರುತೂ ಇಲ್ಲ, ನಾನು ಪ್ರೀತಿಸ್ತೀನಿ ಅನ್ನೋದೂ ಅವರಿಗೆ ಗೊತ್ತಾಗಲ್ಲ. ಹಾಗಂತ ನಾನು ಮಗ ಅಲ್ದೇ ಹೋಗ್ತೀನಾ? ಭಾನುವಾರ ಉಗುರು ಕತ್ತರಿಸೋದು ಬಿಡ್ತೀನಾ? ನಿನಗೆ ಅನ್ಸೋದೇ ಇಲ್ಲ ಅಂದ್ಯಲ್ಲ ಅದಕ್ಕೆ ಇದನ್ನ ಬರ್ದೆ. ನಿನಗೆ ಅನ್ಸದೇ ಇರೋ ರಾತ್ರೀಲೂ ಆತನ ಕಡೆಯಿಂದ ಕೈ ಹಿಡಿದಿರೋದು ನಿಂತಿರಲ್ಲ.

ಅಪ್ಪನ ವಿಷ್ಯ ನನಗೆ ಅಷ್ಟು ಗೊತ್ತಿಲ್ಲ. ಲೂಕ 15ರಲ್ಲಿ ದಾರಿ ತಪ್ಪಿದ ಮಗ ಒಂದು ಭಾಷಣ ರೆಡಿ ಮಾಡ್ಕೊಂಡು ಅಪ್ಪನ ಹತ್ರ ವಾಪಸ್ ಬರ್ತಾನೆ, 'ನನ್ನನ್ನ ಆಳುಗಳಲ್ಲಿ ಒಬ್ಬನಂತೆ ಇಟ್ಕೋ' ಅನ್ನೋದು ಅದರ ಕೊನೇ ಸಾಲು. ಆ ಸಾಲು ಹೇಳೋಕೆ ಅಪ್ಪ ಬಿಡೋದೇ ಇಲ್ಲ, ಮಧ್ಯದಲ್ಲೇ ಬಟ್ಟೆ ತನ್ನಿ ಅಂತ ಆಳುಗಳಿಗೆ ಕೂಗ್ತಾನೆ. ನೀನು ರಾತ್ರಿ ಎದ್ದು ಕೂತು ಪೂರ್ತಿ ಮಾಡ್ಬೇಕು ಅಂತಿರೋದು ಆ ಭಾಷಣನೇ ಏನೋ ಅನ್ಸ್ತು.


ಬೆಳಗಾಗಲಿ:

ಮೇಲಿನ ಅಣ್ಣನ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಆಪ್ತಸಮಾಲೋಚನೆ ಕೆಲ್ಸ ಮಾಡೋಳು, ಆ ದೃಷ್ಟಿಯಿಂದ ಒಂದು ವಿಷ್ಯ ಸೇರಿಸ್ತೀನಿ.

ಒಂದೇ ಪಾಪನ ಮತ್ತೆ ಮತ್ತೆ ಒಪ್ಕೊಳ್ಳೋದು, ಏನೋ ಬಿಟ್ಟುಹೋಯ್ತು ಅಂತ ಮೊದಲಿಂದ ಶುರು ಮಾಡೋದು, ಎಣಿಸೋದು, ಅದಾದ್ಮೇಲೂ ಸಮಾಧಾನ ಸಿಗದೇ ಇರೋದು, ಇದು ಕೆಲವು ಸಲ ಒಸಿಡಿಯ, ಅಂದ್ರೆ ಬೇಡದ ಯೋಚನೆ ಪದೇ ಪದೇ ಬಂದು ಒಂದೇ ಕೆಲ್ಸ ಮತ್ತೆ ಮತ್ತೆ ಮಾಡಿಸೋ ಮಾನಸಿಕ ಕಾಯಿಲೆಯ ಒಂದು ರೂಪ ಆಗಿರುತ್ತೆ, ಸ್ಕ್ರುಪ್ಯುಲಾಸಿಟಿ ಅಂತಾರೆ. ನಿಮಗೆ ಅದೇ ಇದೆ ಅಂತ ಇಲ್ಲಿ ಕೂತು ನಾನು ಹೇಳೋಕಾಗಲ್ಲ, ಆದ್ರೆ ತೋರಿಸಿಕೊಳ್ಳಿ. ಇದಕ್ಕೆ ಒಳ್ಳೆ ಚಿಕಿತ್ಸೆ ಇದೆ. ಇಂಥ ಸಮಯದಲ್ಲಿ ಇನ್ನೂ ಹೆಚ್ಚು ಪ್ರಾರ್ಥನೆ ಮಾಡು ಅನ್ನೋದು ಗಾಯನ ಮತ್ತೆ ಮತ್ತೆ ಕೆರೆದ ಹಾಗೆ ಆಗ್ಬಿಡುತ್ತೆ, ಯಾಕಂದ್ರೆ ಅಲ್ಲಿ ಪ್ರಾರ್ಥನೆನೇ ಚೆಕ್ ಮಾಡೋ ಅಭ್ಯಾಸ ಆಗಿರುತ್ತೆ.

ಡಾಕ್ಟರ್ ಹತ್ರ ಹೋಗೋದು ಅಪನಂಬಿಕೆ ಅಂತ ಯಾರಾದ್ರೂ ಅಂದ್ರೆ 1 ಅರಸುಗಳು 19 ತೋರಿಸಿ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾಕು ನನ್ನ ಪ್ರಾಣ ತೆಗೆದುಬಿಡು ಅಂತಾನೆ. ದೇವದೂತ ಬಂದು ಪಾಠ ಮಾಡಲ್ಲ, ತಟ್ಟಿ ಎಬ್ಬಿಸಿ 'ಎದ್ದು ತಿನ್ನು' ಅಂತಾನೆ. ತಿಂದು ಮತ್ತೆ ಮಲಗ್ತಾನೆ, ಅದಕ್ಕೂ ಏನೂ ಅನ್ನಲ್ಲ, ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ದೇವರ ಜೊತೆ ಮಾತುಕತೆ ಆಮೇಲೆ.

ವಿಲಿಯಂ ಕೂಪರ್ ಅಂತ ಒಬ್ಬ ಇಂಗ್ಲಿಷ್ ಕವಿ ಇದ್ರು, 1731ರಿಂದ 1800. ಇವತ್ತಿಗೂ ಸಭೆಗಳಲ್ಲಿ ಹಾಡೋ ಕೀರ್ತನೆಗಳನ್ನ ಬರೆದೋರು. 1773ರಿಂದ ಸಾಯೋವರೆಗೂ ಅವರಿಗೆ ದೇವರು ನನ್ನನ್ನ ಕೈಬಿಟ್ಟಿದ್ದಾರೆ ಅನ್ನೋ ನೋವು ಹೋಗ್ಲೇ ಇಲ್ಲ. ಅವರ ಸ್ನೇಹಿತ ಪಾದ್ರಿ ಜಾನ್ ನ್ಯೂಟನ್ ವಾದ ಮಾಡಿ ಗೆಲ್ಲೋಕೆ ಆಗದೇ ಇದ್ದಾಗ್ಲೂ ಬಿಟ್ಟು ಹೋಗ್ಲಿಲ್ಲ, ಆ ಕೆಟ್ಟ ದಿನಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ತಮ್ಮ ಮನೇಲೇ ಇಟ್ಕೊಂಡು ನೋಡ್ಕೊಂಡ್ರು. ಕೂಪರ್‌ಗೆ ನಂಬೋಕೆ ಆಗದ ಪ್ರೀತಿ ಅಷ್ಟು ದಿನ ಅವರ ಪಕ್ಕದ ಕೋಣೇಲೇ ಇತ್ತು ಅಂತ ನನಗನ್ಸುತ್ತೆ. ನಿಮಗೂ ಅಂಥ ಒಬ್ರು ಬೇಕು. ಉತ್ತರ ಕೊಡೋರಲ್ಲ, ಕೂತ್ಕೊಳ್ಳೋರು.


ಸಂಜೆಮಲ್ಲಿಗೆ:

ಮೂರು ದಿನ ಆದ್ಮೇಲೆ ಬರೀತಿದೀನಿ, ತಡ ಆಯ್ತು. ಎಲ್ಲರದ್ದೂ ಎರಡೆರಡು ಸಲ ಓದಿದೆ.

@ಎಚ್ಚರ ಬ್ರದರ್ ಪರವಾಗಿಲ್ಲ. ನೀವು ಕೇಳಿದ್ರಿಂದ್ಲೇ 13:3 ಗೊತ್ತಾಯ್ತು, ಆ ವಾಕ್ಯಕ್ಕೆ ನಾನೂ ವರ್ಷಗಳಿಂದ ಹೆದರ್ತಿದ್ದೆ.

@ಹಳೇ ಓದುಗ ಆ ಪಟ್ಟೀನ ಅಳಿಸ್ಲಿಲ್ಲ. ಒಂಬತ್ತು ತಾರೀಕಿನ ಮೇಲ್ಗಡೆ ಸ್ವಲ್ಪ ಜಾಗ ಇತ್ತು, ಅಲ್ಲಿ ಪೆನ್ನಲ್ಲಿ 'ಪಾಪಿಯಾಗಿದ್ದಾಗಲೇ' ಅಂತ ಬರ್ದೆ. ತಾರೀಕು ಹಾಕ್ಲಿಲ್ಲ.

ಎಲ್ಲಾ ಸರಿಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ನಿನ್ನೆ ರಾತ್ರಿನೂ ಎಚ್ಚರ ಆಯ್ತು, ಎದ್ದು ಕೂತೆ, ಮತ್ತೆ ಮೊದಲಿಂದ ಶುರು ಮಾಡೋಕೆ ಹೋದೆ. ಆ ಭಾಷಣದ ವಿಷ್ಯ ನೆನಪಾಗಿ ಅರ್ಧಕ್ಕೆ ನಿಲ್ಸಿದೆ, ಅರ್ಧಕ್ಕೆ ನಿಲ್ಸಿ ಹಾಗೇ ಮಲಗಿದ್ದು ಇದೇ ಮೊದಲು. ಭಯ ಆಯ್ತು, ಆದ್ರೂ ನಿದ್ದೆ ಬಂತು.

@ಬೆಳಗಾಗಲಿ ಅಕ್ಕ, ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ. ನನ್ನ ಫ್ರೆಂಡ್ ಒಬ್ಬಳಿಗೆ ಈ ಥ್ರೆಡ್ ತೋರಿಸ್ದೆ, ಓದಿ ಏನೂ ಹೇಳ್ಲಿಲ್ಲ, ಗುರುವಾರ ಜೊತೆಗೆ ಬರ್ತೀನಿ ಅಂದ್ಳು.

@ಒಬ್ಬ ಮಗ ಅಣ್ಣ, ನಿಮಗೆ ಏನು ಬರೀಬೇಕೋ ಗೊತ್ತಾಗ್ತಿಲ್ಲ. ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ, ಇದನ್ನ ಮಾತ್ರ ಎಣಿಸ್ತಾ ಇಲ್ಲ. ಈ ಭಾನುವಾರ ಕಿರುಬೆರಳು ಬೇಗ ಕೊಟ್ರಾ?


ಒಬ್ಬ ಮಗ:

ಇಲ್ಲಮ್ಮ, ಇವತ್ತು ಹತ್ತು ನಿಮಿಷ ಆಯ್ತು. ಕಾದೆ, ಕೊಟ್ರು.