‘ಗಾರ್ಡನ್ ಸೆಮಿಟರಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಬೆಂಗಳೂರಿನ ಹೊಸೂರು ರಸ್ತೆಯ ಹಳೆಯ ಕ್ರೈಸ್ತ ಸ್ಮಶಾನಗಳ ಮರಗಿಡ ಮತ್ತು ಗೋರಿಕಲ್ಲುಗಳ ಮೇಲಿನ ಹೂಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಕೆಲವು ಪದಗಳ ಬಳಿ ಕೈ ನಿಂತಿದೆ.

ಮೊದಲು ಜಾಗದ ಹೆಸರು. 1804ರಲ್ಲಿ ಪ್ಯಾರಿಸ್ಸಿನ ಪೇರ್ ಲಾಷೇಸ್, 1831ರಲ್ಲಿ ಬಾಸ್ಟನ್ ಬಳಿಯ ಮೌಂಟ್ ಆಬರ್ನ್ ಸ್ಮಶಾನಗಳು ಆರಂಭವಾದವು. ಇಕ್ಕಟ್ಟಾದ ಚರ್ಚ್ ಅಂಗಳಗಳನ್ನು ಬಿಟ್ಟು ಗೋರಿಗಳು ಊರಾಚೆಯ ದಿಬ್ಬಗಳಿಗೆ, ಸುತ್ತಿ ಬಳಸುವ ದಾರಿಗಳ ನೆರಳಿಗೆ ಹೋದವು. ಮೌಂಟ್ ಆಬರ್ನ್ ಹುಟ್ಟಿದ್ದೇ ಅಲ್ಲಿನ ತೋಟಗಾರಿಕಾ ಸಂಘದ ಮುತುವರ್ಜಿಯಿಂದ. ತೋಟದಂತೆ ರೂಪಿಸಿದ ಇಂಥ ಸ್ಮಶಾನಕ್ಕೆ, ಅಂದರೆ ‘ಗಾರ್ಡನ್ ಸೆಮಿಟರಿ’ಗೆ, ನಾವು ಏನೆನ್ನಬೇಕು? ‘ಸುಡುಗಾಡು’ ಸುಡುವ ಜಾಗ. ತಮಿಳಿನವರಿಗೆ ಹೂಳುವ ಜಾಗಕ್ಕೆ ‘ಇಡುಕಾಡು’ ಎಂಬ ಬೇರೆ ಪದವೇ ಇದೆ. ಪತ್ರಿಕೆಗಳು ‘ಕ್ರೈಸ್ತರ ರುದ್ರಭೂಮಿ’ ಎಂದು ಬರೆಯುವುದುಂಟು. ಶಿಲುಬೆಗಳ ನಡುವೆ ರುದ್ರನನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ. ‘ಶಾಂತಿವನ’ ಎಂದರೆ ಧರ್ಮಸ್ಥಳದ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ ನೆನಪಾಗುತ್ತದೆ.

‘ಸಮಾಧಿ ತೋಟ’ ಕಿವಿಗೆ ಹಿತವಾಗಿದೆ. ತೊಡಕೆಂದರೆ, ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆತನದವರು ಹಿರಿಯರನ್ನು ಸ್ವಂತ ತೋಟದ ಮೂಲೆಯಲ್ಲೇ ಮಣ್ಣು ಮಾಡುತ್ತಾರೆ. ತೆಂಗಿನ ಸಾಲಿನ ಕೊನೆಗೆ ಸುಣ್ಣ ಬಳಿದ ಒಂದು ಕಟ್ಟೆ, ಪಕ್ಕದಲ್ಲೇ ಪಂಪ್‌ಸೆಟ್ಟು. ಅಲ್ಲಿ ತೋಟ ಮೊದಲು, ಗೋರಿ ಆಮೇಲೆ. ಮೌಂಟ್ ಆಬರ್ನ್‌ನಲ್ಲಿ ಗೋರಿಗಳಿಗೆಂದೇ ತೋಟ ಮಾಡಿದರು. ಹಾಗಾಗಿ ಸದ್ಯಕ್ಕೆ ‘ಸಮಾಧಿವನ’ದತ್ತ ವಾಲಿದ್ದೇನೆ. ‘ಲ್ಯಾಂಡ್‌ಸ್ಕೇಪಿಂಗ್’ಗೆ ಬಳಸುವ ‘ಭೂದೃಶ್ಯ ವಿನ್ಯಾಸ’ಕ್ಕೆ ಕಡತದ ವಾಸನೆಯಿದೆ, ‘ನೆಲ ತಿದ್ದಿ ಮರ ನೆಟ್ಟ ಬಗೆ’ ಎಂದು ಬಿಡಿಸಿ ಬರೆದರೆ ಸಾಕು. ಅಂದ ಹಾಗೆ, 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್ ಬೆಳೆಸಿದ, ರಸ್ತೆಗಳಿಗೆ ಹೂಮರಗಳ ಸಾಲು ಹಾಕಿಸಿದ ಜರ್ಮನ್ ತೋಟಗಾರ ಕ್ರುಂಬಿಗಲ್ 1956ರಲ್ಲಿ ತೀರಿಕೊಂಡು ಮಣ್ಣಾದದ್ದೂ ಇದೇ ಹೊಸೂರು ರಸ್ತೆಯಲ್ಲಿ.

ಹೂಗಳದ್ದು ಇದಕ್ಕಿಂತ ಕಷ್ಟ. ‘ಲಿಲ್ಲಿ’ಗೆ ಅನುವಾದಕರು ಕಣ್ಣುಮುಚ್ಚಿ ‘ನೈದಿಲೆ’ ಎನ್ನುತ್ತಾರೆ. ಕಲ್ಲಿನಲ್ಲಿರುವುದು ಕಹಳೆಯಂತೆ ಬಾಯಿ ತೆರೆದ ನೆಲದ ಹೂ, ಕನ್ಯೆ ಮರಿಯಳ ಪಾವಿತ್ರ್ಯಕ್ಕೆ ಗುರುತು. ನೈದಿಲೆ ನೀರಿನದು, ನಮ್ಮ ಕಾವ್ಯಗಳಲ್ಲಿ ಚಂದ್ರನಿಗೆ ಅರಳುವಂಥದ್ದು. ಅದನ್ನು ತಂದರೆ ಅರ್ಥವೇ ಮಗುಚುತ್ತದೆ. ‘ಪಾಪಿ’ ಎಂದು ಬರೆದರಂತೂ ಗೋರಿಯಲ್ಲಿ ಮಲಗಿದವರಿಗೆ ಅವಮಾನ! ನಿದ್ರೆಯ ಗುರುತಾಗಿ ಕೆತ್ತಿದ ಅದು ಗಸಗಸೆಯ ಹೂ. ಹಬ್ಬದೂಟದಲ್ಲಿ ಗಸಗಸೆ ಪಾಯಸ ಕುಡಿದು ತೂಕಡಿಸಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಯುದ್ಧದಲ್ಲಿ ಮಡಿದವರ ನೆನಪಿಗೆ ಧರಿಸುವ ಕೆಂಪು ಪಾಪಿ ಇದೇ ಕುಲದ ಬೇರೆ ಗಿಡ, ಅದನ್ನು ಗಸಗಸೆ ಎನ್ನುವಂತಿಲ್ಲ.

ಮಕ್ಕಳ ಗೋರಿಗಳ ಮೇಲೆ ಗುಲಾಬಿ ಮೊಗ್ಗಿದೆ. ಹತ್ತಿರ ಹೋಗಿ ನೋಡಿದರೆ ತೊಟ್ಟು ನಡುವೆ ಮುರಿದಿದೆ, ಮೊಗ್ಗು ಕೆಳಕ್ಕೆ ಜೋತಿದೆ; ಮುರಿದ ಕಡೆಯ ಸಿಗುರನ್ನೂ ಉಳಿ ಬಿಟ್ಟಿಲ್ಲ. ‘ಅರಳುವ ಮುನ್ನವೇ ಬಾಡಿದ ಹೂ’ ಎಂದು ನಾವು ಶ್ರದ್ಧಾಂಜಲಿಗಳಲ್ಲಿ ಬರೆಯುತ್ತೇವೆ. ಇಲ್ಲಿ ಮೊಗ್ಗು ಬಾಡಿಲ್ಲ, ಯಾರೋ ಮುರಿದಿದ್ದಾರೆ. ಆದ್ದರಿಂದ ‘ತೊಟ್ಟು ಮುರಿದ ಮೊಗ್ಗು’ ಎಂದೇ ಇಡುತ್ತೇನೆ.

ಮರಗಳಲ್ಲಿ ಸೈಪ್ರೆಸ್ಸನ್ನು ‘ಸರ್ವೆ’ ಎಂದರೆ ಓದುಗರು ಕಟ್ಟಡದ ಕೆಲಸಕ್ಕೆ ನಿಲ್ಲಿಸುವ ಸರ್ವೆ ಕಂಬ ಎಂದುಕೊಳ್ಳುತ್ತಾರೆ. ಸೈಪ್ರೆಸ್ ಒಮ್ಮೆ ಕಡಿದರೆ ಮತ್ತೆ ಚಿಗುರುವುದಿಲ್ಲ ಎಂಬ ನಂಬಿಕೆಯಿಂದ ರೋಮನ್ನರು ಅದನ್ನು ಸಾವಿಗೆ ಗಂಟುಹಾಕಿದರು. ನಮ್ಮ ಕಡೆ ಗೋರಿಗಳ ಬಳಿ ಕಾಣುವ ದೇವಕಣಗಿಲೆ ಇದಕ್ಕೆ ತದ್ವಿರುದ್ಧ: ಎಲೆಯುದುರಿದ ಬೋಳು ಕೊಂಬೆಯಲ್ಲೂ ಹೂ ಬಿಡುತ್ತದೆ, ಕಡಿದ ತುಂಡನ್ನು ಊರಿದರೆ ಚಿಗುರುತ್ತದೆ. ಹೆಸರಿನಲ್ಲಿ ದೇವರಿದ್ದರೂ ಮೂಲ ಅಮೆರಿಕ ಖಂಡದ್ದು. ಚೆಂಡುಹೂವೂ ಅಲ್ಲಿಯದೇ. ಮೆಕ್ಸಿಕೋದಲ್ಲಿ ಸತ್ತವರ ಹಬ್ಬಕ್ಕೆ, ಇಲ್ಲಿ ಆಯುಧಪೂಜೆಯ ಲಾರಿಗೆ. ಫ್ರಾನ್ಸಿನಲ್ಲಿ ನವೆಂಬರ್ ಮೊದಲ ವಾರ ಗೋರಿಗಳಿಗೆ ಏರುವುದು ಸೇವಂತಿಗೆ. ಹಾಗಾಗಿ ಅಲ್ಲಿ ಯಾರ ಮನೆಗೂ ಅದನ್ನು ಉಡುಗೊರೆಯಾಗಿ ಒಯ್ಯುವುದಿಲ್ಲ. ಹೀಗೆ ಊರೂರಿಗೆ ಬದಲಾಗುವ ಅರ್ಥಕ್ಕೆ ‘ಪ್ರತೀಕ’ ಭಾರವಾಯಿತು, ‘ಸಂಕೇತ’ ಸಾಕೆನಿಸುತ್ತದೆ.

ಕೇಳಬೇಕಾದದ್ದು ಇಷ್ಟು. ಕರಾವಳಿ, ಕೋಲಾರ, ಕೊಳ್ಳೇಗಾಲದ ಕಡೆಯ ಕ್ರೈಸ್ತ ಮನೆಗಳಲ್ಲಿ ಈ ಜಾಗಕ್ಕೆ ದಿನನಿತ್ಯದ ಮಾತಿನಲ್ಲಿ ಏನೆನ್ನುತ್ತಾರೆ? ಕ್ರೈಸ್ತರು ಸತ್ತವರನ್ನು ನೆನೆಯುವ ನವೆಂಬರ್ 2ರಂದು ಗೋರಿಗೆ ಹೂವಿಡುವುದಕ್ಕೆ ಪ್ರತ್ಯೇಕ ಪದವಿದೆಯೇ? ದೇವಕಣಗಿಲೆಗೆ ಸ್ಮಶಾನದ ನಂಟಿರುವ ಹೆಸರನ್ನು ಯಾರಾದರೂ ಕೇಳಿದ್ದರೆ, ಯಾವ ಊರಿನದು ಎಂಬುದನ್ನೂ ಸೇರಿಸಿ ಬರೆಯಿರಿ.